ಬೇಡ ಎನ್ನುವವನೊಬ್ಬ ದೋಣಿಯಲ್ಲಿರಲಿ



ಅಮೆರಿಕದ ನ್ಯೂಜೆರ್ಸಿಯಲ್ಲಿರುವ ನನ್ನ ಮಗಳು ಕಳೆದ ತಿಂಗಳು ಒಂದು ಕೋಷ್ಟಕವನ್ನು ಕಳುಹಿಸಿದಳು. ಬರುವ ವರ್ಷದ ಜುಲೈ ತಿಂಗಳಿನ ಹದಿನಾಲ್ಕು ದಿನಗಳು; ಪ್ರತಿ ದಿನಕ್ಕೊಂದು ಸಾಲು; ಪ್ರತಿ ಸಾಲಿನಲ್ಲಿ ಒಂದು ದ್ವೀಪದ ಹೆಸರು, ಲಂಗರು ಹಾಕುವ ಕೊಲ್ಲಿ, ಮಧ್ಯಾಹ್ನದ ಊಟ, ರಾತ್ರಿಯ ಊಟ. ಕೆಳಗೆ ಪ್ರಯಾಣಿಕರ ಪಟ್ಟಿಯಲ್ಲಿ ಮಗಳು, ಅಳಿಯಂದಿರು, ಎರಡು ಮೊಮ್ಮಕ್ಕಳು, ಅಳಿಯಂದಿರ ಸ್ನೇಹಿತ ದಂಪತಿ. ಕೊನೆಯಲ್ಲಿ "ಅಪ್ಪಯ್ಯ" ಎಂದು ನನ್ನ ಹೆಸರು. ಕೆರಿಬಿಯನ್ ಸಮುದ್ರದಲ್ಲಿ ಒಂದು ಹಾಯಿದೋಣಿಯನ್ನು ಬಾಡಿಗೆಗೆ ಹಿಡಿದು ಸೇಂಟ್ ವಿನ್ಸೆಂಟಿನಿಂದ ಗ್ರೆನೇಡಾದವರೆಗೆ ದ್ವೀಪದಿಂದ ದ್ವೀಪಕ್ಕೆ ಸಾಗಿ, ಮತ್ತೆ ಮರಳಿ ಬರುವ ಯೋಜನೆಯಿದು. "ನಿಮ್ಮ ಅಭಿಪ್ರಾಯ ತಿಳಿಸಿ" ಎಂದು ಕೊನೆಯಲ್ಲಿ ಬರೆದಿದ್ದಳು. ಮೂವತ್ನಾಲ್ಕು ವರ್ಷ ಸಮಾಜ ವಿಜ್ಞಾನ ಪಾಠ ಮಾಡಿದವನಲ್ಲಿ ಅಭಿಪ್ರಾಯ ಕೇಳುವುದು ಅಪಾಯಕಾರಿ ಎಂಬುದು ನಿಮಗೆಲ್ಲ ತಿಳಿದೇ ಇದೆ.

ಆ ದ್ವೀಪಗಳ ಹೆಸರುಗಳು ನನಗೆ ಹೊಸತಲ್ಲ. 1974ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ನಡೆದ ಮೊತ್ತಮೊದಲ ಟೆಸ್ಟ್ ಪಂದ್ಯದ ವೀಕ್ಷಕ ವಿವರಣೆಯನ್ನು ನೆರೆಮನೆಯ ರೇಡಿಯೋದಲ್ಲಿ ಕೇಳಿದ ಒಂಬತ್ತನೆಯ ತರಗತಿಯ ಹುಡುಗ ನಾನು. ವಿವಿಯನ್ ರಿಚರ್ಡ್ಸ್ ಎಂಬ ಹೊಸ ಆಟಗಾರ ಆ ಪಂದ್ಯದಲ್ಲಿ ನಾಲ್ಕು ಮತ್ತು ಮೂರು ರನ್ ಗಳಿಸಿ ಎರಡು ಬಾರಿಯೂ ನಮ್ಮ ಚಂದ್ರಶೇಖರ್ ಅವರಿಗೆ ಔಟಾದಾಗ ನಾವು ಕುಣಿದಾಡಿದ್ದೆವು. (ಪಂದ್ಯವನ್ನು ಅವರೇ ಗೆದ್ದರು. ಆ ರಿಚರ್ಡ್ಸ್ ಮುಂದೆ ಏನಾದನೆಂಬುದನ್ನು ಹೇಳಬೇಕಿಲ್ಲ.) ಆಂಟಿಗಾ, ಬಾರ್ಬಡೋಸ್, ಗಯಾನಾಗಳನ್ನು ನಾವು ಭೂಪಟದಲ್ಲಿ ಹುಡುಕಿದ್ದು ಕ್ರಿಕೆಟ್ಟಿನ ದೆಸೆಯಿಂದ. ಆದರೆ ಸೇಂಟ್ ವಿನ್ಸೆಂಟ್ ಮತ್ತು ಗ್ರೆನೇಡಾಗಳ ನಡುವೆ, ಸುಮಾರು ನೂರು ಕಿಲೋಮೀಟರ್ ಉದ್ದಕ್ಕೆ, ಯಾರೋ ಅಕ್ಕಿಕಾಳು ಚೆಲ್ಲಿದಂತೆ ಬಿದ್ದಿರುವ ಗ್ರೆನಡೀನ್ಸ್ ಎಂಬ ಕಿರುದ್ವೀಪಗಳ ಸಾಲನ್ನು ನಾನು ಸರಿಯಾಗಿ ನೋಡಿದ್ದು ಈ ಕೋಷ್ಟಕ ಬಂದ ಮೇಲೆಯೇ. ಬೆಕ್ವೇ, ಮಸ್ಟೀಕ್, ಕ್ಯಾನುವಾನ್, ಮೈರೋ, ಯೂನಿಯನ್, ಕ್ಯಾರಿಯಾಕೂ. ಉಚ್ಚರಿಸುವುದಕ್ಕೇ ಒಂದು ಸುಖವಿದೆ.

ದೋಣಿಯ ವಿಷಯವನ್ನೂ ಹೇಳಿಬಿಡುತ್ತೇನೆ. ಅವರು ನೋಡಿಟ್ಟಿರುವುದು ಎರಡು ಒಡಲುಗಳ ಕ್ಯಾಟಮರಾನ್. ಈ ಪದ ನಮ್ಮ ತೆಂಕಣದಿಂದಲೇ ಹೋದದ್ದು, ತಮಿಳಿನ ಕಟ್ಟುಮರಂ. ಕಟ್ಟು, ಮರ ಎರಡೂ ನಮ್ಮಲ್ಲೂ ಇರುವುದರಿಂದ ನಾನೂ ಅರ್ಧ ಹಕ್ಕು ಸಾಧಿಸುತ್ತೇನೆ. ಮರದ ದಿಮ್ಮಿಗಳನ್ನು ಹಗ್ಗದಿಂದ ಬಿಗಿದ ಆ ಬಡವರ ತೆಪ್ಪದ ಹೆಸರನ್ನು ಹೊತ್ತಿರುವ ಈ ನೌಕೆಯಲ್ಲಿ ನಾಲ್ಕು ಮಲಗುವ ಕೋಣೆಗಳು, ಅಡುಗೆಮನೆ, ಶೀತಲ ಪೆಟ್ಟಿಗೆ ಎಲ್ಲ ಇವೆಯಂತೆ.

ಬಾಡಿಗೆಗೆ ಕೊಡುವಲ್ಲಿ ಎರಡು ಬಗೆ. ಕಪ್ತಾನನ ಸಹಿತ ಕೊಡುವುದು ಒಂದು. ಬೇರ್‌ಬೋಟ್ ಎಂದು, ಬರಿಯ ದೋಣಿಯನ್ನು ಕೊಡುವುದು ಇನ್ನೊಂದು. ಎರಡನೆಯದಕ್ಕೆ ಹಾಯಿ ನಡೆಸಿದ ಅನುಭವದ ವಿವರ ಕೇಳುತ್ತಾರೆ, ದೊಡ್ಡ ಮೊತ್ತದ ಠೇವಣಿ ಇರಿಸಿಕೊಳ್ಳುತ್ತಾರೆ, ಬಳಿಕ ಬೀಗ ಕೊಟ್ಟುಬಿಡುತ್ತಾರೆ. ಅಳಿಯಂದಿರು ಎರಡು ಬೇಸಿಗೆಗಳಲ್ಲಿ ತರಬೇತಿ ಪಡೆದು ಪ್ರಮಾಣಪತ್ರ ಗಳಿಸಿದ್ದಾರೆ. ಅವರು ಎಚ್ಚರದ ಮನುಷ್ಯರು. ಅದರಲ್ಲಿ ನನಗೆ ಸಂಶಯವಿಲ್ಲ. ಯೋಜನೆ ಬೇರ್‌ಬೋಟಿನದು. ಜುಲೈ ಏಕೆಂದರೆ ಮಕ್ಕಳಿಗೆ ಶಾಲೆಯಿಲ್ಲ, ಮತ್ತು ಅವರಿಗೆ ಬಂದ ದರಪಟ್ಟಿಯ ಪ್ರಕಾರ ಏಪ್ರಿಲ್‌ಗಿಂತ ಜುಲೈಯಲ್ಲಿ ಬಾಡಿಗೆ ಅರ್ಧಕ್ಕೆ ಹತ್ತಿರ.

ಅರ್ಧ ಬೆಲೆ ಏಕೆ ಎಂಬಲ್ಲಿಂದ ನನ್ನ ತಕರಾರು ಆರಂಭವಾಗುತ್ತದೆ.

ಅಟ್ಲಾಂಟಿಕ್ ಸಾಗರದ ಚಂಡಮಾರುತಗಳ ಋತು ಜೂನ್ 1ರಿಂದ ನವೆಂಬರ್ 30ರವರೆಗೆ. "ಅದರ ಉಬ್ಬರ ಆಗಸ್ಟ್ ನಡುವಿನಿಂದ ಅಕ್ಟೋಬರ್‌ವರೆಗೆ, ಜುಲೈ ಆರಂಭ ಸುರಕ್ಷಿತ" ಎಂಬುದು ಅಳಿಯಂದಿರ ವಾದ. ಅಂಕಿಅಂಶದ ದೃಷ್ಟಿಯಿಂದ ಅದು ತಪ್ಪಲ್ಲ. ಆದರೆ 2024ರ ಜುಲೈ 1ರಂದು ಬೆರಿಲ್ ಎಂಬ ಚಂಡಮಾರುತ, ನಾಲ್ಕನೆಯ ದರ್ಜೆಯದು, ಗಂಟೆಗೆ ಸುಮಾರು 240 ಕಿಲೋಮೀಟರ್ ವೇಗದ ಗಾಳಿಯೊಂದಿಗೆ ಕ್ಯಾರಿಯಾಕೂ ದ್ವೀಪಕ್ಕೇ ಬಡಿಯಿತು. ಆ ದ್ವೀಪದಲ್ಲಿ ಹಾನಿಯಾಗದ ಕಟ್ಟಡವನ್ನು ಹುಡುಕಬೇಕಾಯಿತು. ನೆರೆಯ ಯೂನಿಯನ್ ದ್ವೀಪದ ಗತಿಯೂ ಅದೇ. ಗಾಳಿಗೆ ಹೆದರಿ ಕ್ಯಾರಿಯಾಕೂವಿನ ಕಾಂಡ್ಲಾ ಕಾಡಿನ ಮರೆಗೆ ಓಡಿಹೋಗಿದ್ದ ದೋಣಿಗಳು ಅಲ್ಲಿಯೇ ಒಂದರ ಮೇಲೊಂದು ಬಿದ್ದು ಮುರಿದವು. ಕೋಷ್ಟಕದ ಆರನೆಯ ಮತ್ತು ಏಳನೆಯ ದಿನದ ಸಾಲುಗಳಲ್ಲಿ ಬರೆದಿರುವುದು ಇವೇ ಎರಡು ದ್ವೀಪಗಳನ್ನು.

ಗ್ರೆನೇಡಾ ಚಂಡಮಾರುತಗಳ ಹಾದಿಗಿಂತ ದಕ್ಷಿಣಕ್ಕಿದೆ ಎಂಬ ನಂಬಿಕೆ ನಾವಿಕರಲ್ಲಿ ಬಹುಕಾಲ ಇತ್ತು. 1955ರಲ್ಲಿ ಜಾನೆಟ್ ಬಡಿಯಿತು. ಮತ್ತೆ ನಲವತ್ತೊಂಬತ್ತು ವರ್ಷ ಆ ಬಗೆಯದು ಬರಲಿಲ್ಲ. ಒಂದು ಇಡೀ ತಲೆಮಾರು ಮರೆಯಲು ಅಷ್ಟು ಸಾಕು. 2004ರ ಸೆಪ್ಟೆಂಬರ್‌ನಲ್ಲಿ ಐವನ್ ಬಂದಾಗ ದೇಶದ ಹೆಚ್ಚಿನ ಮನೆಗಳ ಛಾವಣಿ ಹೋಯಿತು, ಜಾಯಿಕಾಯಿ ತೋಟಗಳು ಬುಡಮೇಲಾದವು. ಗ್ರೆನೇಡಾದ ಧ್ವಜದಲ್ಲಿ ಜಾಯಿಕಾಯಿಯ ಚಿತ್ರವಿದೆ. ಅದು ಅವರಿಗೆ ಅಷ್ಟು ಮುಖ್ಯ. ಆ ಮರ ಫಲಕ್ಕೆ ಬರಲು ಎಷ್ಟು ವರ್ಷ ಬೇಕೆಂಬುದು ನಮ್ಮ ತೋಟದವರಿಗೆ ಹೇಳಬೇಕಿಲ್ಲ.

ಅಳಿಯಂದಿರ ಇನ್ನೊಂದು ವಾದ: ಉಪಗ್ರಹಗಳಿವೆ, ಮುನ್ಸೂಚನೆ ಸಿಗುತ್ತದೆ, ಅಪಾಯವೆನಿಸಿದರೆ ದೋಣಿ ಬಿಟ್ಟು ವಿಮಾನ ಹತ್ತಿದರಾಯಿತು. ಇದನ್ನು ನಾನು ಎರಡು ದಿನ ಯೋಚಿಸಿದೆ. ಬೆರಿಲ್ ಒಂದು ವಾಯುಭಾರ ಕುಸಿತವಾಗಿದ್ದದ್ದು ಭಾರೀ ಚಂಡಮಾರುತವಾಗಲು ತೆಗೆದುಕೊಂಡ ಸಮಯ 42 ಗಂಟೆ. ಆ ಅವಧಿಯಲ್ಲಿ ದೋಣಿಯನ್ನು ಭದ್ರಪಡಿಸಿ, ಏಳು ಜನರಿಗೆ ಆಸನ ಹುಡುಕಬೇಕು. ಆ ಹೊತ್ತಿಗೆ ಅಲ್ಲಿನವರು ತಮ್ಮ ಛಾವಣಿಗೆ ಹಗ್ಗ ಬಿಗಿಯುತ್ತಿರುತ್ತಾರೆ, ಶಾಲೆಗಳನ್ನು ಆಶ್ರಯಗಳಾಗಿ ತೆರೆಯುತ್ತಿರುತ್ತಾರೆ. ವಿಹಾರಕ್ಕೆ ಬಂದವರು ಅವರ ನಡುವೆ ಕೈಚೀಲ ಹಿಡಿದು ಸಾಲಿನಲ್ಲಿ ನಿಲ್ಲುವುದು ನನಗೆ ಸರಿಕಾಣಲಿಲ್ಲ. ಬೆಲೆ ಅರ್ಧವಾಗಿರುವುದು ಮಿಕ್ಕರ್ಧವನ್ನು ಗಾಳಿಯ ಲೆಕ್ಕದಲ್ಲಿ ಬರೆದಿರುವುದರಿಂದ.

ಇಲ್ಲಿ ಒಂದು ಹಳೆಯ ಪ್ರಸಂಗವನ್ನು ಹೇಳಬೇಕು. 1994ರ ಸೆಪ್ಟೆಂಬರ್ ತಿಂಗಳ ಎರಡನೆಯ ವಾರದಲ್ಲಿ ನಲವತ್ತೆರಡು ಮಕ್ಕಳನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಮಲ್ಪೆಗೆ ಹೋಗಿದ್ದೆ. ಸೇಂಟ್ ಮೇರೀಸ್ ದ್ವೀಪದ ಕಂಬಶಿಲೆಗಳನ್ನು ತೋರಿಸುವುದು ಉದ್ದೇಶ. ಮಳೆ ನಿಂತು ನಾಲ್ಕು ದಿನವಾಗಿತ್ತು, ಬಿಸಿಲು ಬಿದ್ದಿತ್ತು, ದಡದಿಂದ ನೋಡಿದರೆ ಕಡಲು ಕೆರೆಯಂತಿತ್ತು. ದೋಣಿಯವರು ಆಗುವುದಿಲ್ಲವೆಂದರು. ನಾನು ವಾದಿಸಿದೆ. ಮುಖ್ಯೋಪಾಧ್ಯಾಯರ ಪತ್ರ ತೋರಿಸಿದೆ, ಹಣ ಹೆಚ್ಚು ಕೊಡುತ್ತೇನೆಂದೆ, ಮಕ್ಕಳ ಮುಖ ನೋಡಿ ಎಂದೆ. ಅವರು ಪತ್ರವನ್ನು ಮಡಚಿ ನನ್ನ ಕೈಗಿಟ್ಟು, "ಮಾಸ್ಟ್ರೇ, ಹತ್ತುವುದಲ್ಲ ಕಷ್ಟ, ಅಲ್ಲಿ ಬಂಡೆಯ ಮೇಲೆ ಇಳಿಯುವುದು ಕಷ್ಟ. ಅದು ಇಲ್ಲಿಂದ ಕಾಣುವುದಿಲ್ಲ" ಎಂದರು. ಮರಳಿನ ಮೇಲೆ ಕುಳಿತು ಬುತ್ತಿಯ ಚಿತ್ರಾನ್ನ ತಿಂದು ಹಿಂದಿರುಗಿದೆವು. ಬಸ್ಸಿನಲ್ಲಿ ನಾನು ಮುಖ ಊದಿಸಿಕೊಂಡಿದ್ದೆ. ಆ ತಂಡದಲ್ಲಿದ್ದವರು ಇದನ್ನು ಓದುತ್ತಿದ್ದರೆ, ಅಂದು ಅವರನ್ನು ನಾನು ಬೈದದ್ದನ್ನು ಕೇಳಿಸಿಕೊಂಡಿದ್ದೀರಿ. ಅದು ನನ್ನ ತಪ್ಪು ಎಂದು ಮೂವತ್ತು ವರ್ಷಗಳ ಬಳಿಕ ಇಲ್ಲಿ ಬರೆಯುತ್ತಿದ್ದೇನೆ. ಅಂದು ನಾನೇ ದೋಣಿಯ ಯಜಮಾನನಾಗಿದ್ದರೆ ಹೋಗಿಯೇ ತೀರುತ್ತಿದ್ದೆ. ಬಸ್ಸಿನ ಹಣ ಕೊಟ್ಟಾಗಿತ್ತು, ಮಕ್ಕಳು ಕಾಯುತ್ತಿದ್ದರು.

ಬೇರ್‌ಬೋಟಿನ ಕುರಿತು ನನ್ನ ಆಕ್ಷೇಪ ಇಷ್ಟೇ. ಅಳಿಯಂದಿರಿಗೆ ಹಾಯಿ ಕಟ್ಟಲು ಬರುವುದಿಲ್ಲ ಎಂದಲ್ಲ. ಹಣ ಕೊಟ್ಟವರೂ ಅವರೇ, ಮಕ್ಕಳಿಗೆ ಮಾತು ಕೊಟ್ಟವರೂ ಅವರೇ, ಚುಕ್ಕಾಣಿ ಹಿಡಿದವರೂ ಅವರೇ ಆದರೆ ಬೇಡ ಎನ್ನುವವರು ಯಾರು? ನಮ್ಮ ಕರಾವಳಿಯ ಬೋಟುಗಳಲ್ಲಿ ಮಾಲಿಕನೇ ದಡದಲ್ಲಿ ನಿಂತು ಹೇಳಿದರೂ ಕಡಲಿನ ಮೇಲೆ ತಾಂಡೇಲನ ಮಾತೇ ಮಾತು.

ಹಡಗಿನಲ್ಲಿ ಅಧಿಕಾರಿಯಾಗಿರುವ ನನ್ನೊಬ್ಬ ವಿದ್ಯಾರ್ಥಿಯನ್ನೂ ಕೇಳಿದೆ. (ಹೆಸರು ಹಾಕಬೇಡಿ ಸರ್ ಎಂದಿದ್ದಾನೆ.) ಆತ ಹೇಳಿದ್ದರಲ್ಲಿ ನನಗೆ ಅರ್ಥವಾದಷ್ಟನ್ನು ಬರೆಯುತ್ತೇನೆ. ಟೊಬಾಗೋ ಕೇಸ್ ಎಂಬ ಐದು ನಿರ್ಜನ ಕಿರುದ್ವೀಪಗಳು ಈ ಯಾತ್ರೆಯ ಮುಕುಟಮಣಿ. ಅವುಗಳ ಪೂರ್ವಕ್ಕೆ ಕುದುರೆಯ ಲಾಳದಾಕಾರದ ಹವಳದ ದಿಬ್ಬ ಅಟ್ಲಾಂಟಿಕ್ಕಿನ ಅಲೆಗಳನ್ನು ತಡೆದು ನಿಂತಿದೆ. ಇಂಥ ಕಡೆ ಯಂತ್ರದ ನಕ್ಷೆಯೊಂದನ್ನೇ ನಂಬಿ ಒಳಹೋಗಬಾರದು. ಸೂರ್ಯ ನೆತ್ತಿಯ ಹತ್ತಿರವಿದ್ದಾಗ, ಬೆನ್ನಿಗೆ ಬೆಳಕಿರುವಾಗ ನೀರಿನ ಬಣ್ಣ ನೋಡಿ ಹೋಗಬೇಕು. ಕಡುನೀಲಿ ಆಳ, ತಿಳಿಹಸಿರು ಮರಳು, ಕಂದು ಬಣ್ಣ ಕಂಡರೆ ಹವಳ. ಸಂಜೆ ಐದರ ಓರೆ ಬಿಸಿಲಿನಲ್ಲಿ ಈ ಮೂರೂ ಒಂದೇ ಬೆಳ್ಳಿಯ ಹಾಳೆಯಾಗಿ ಕಾಣುತ್ತವೆ. ಕೋಷ್ಟಕದಲ್ಲಿ ಅಲ್ಲಿಗೆ ತಲುಪುವ ವೇಳೆ ಸಂಜೆ ಐದೂವರೆ ಎಂದಿತ್ತು. ಇದನ್ನು ತಿಳಿಸಿದಾಗ ಅಳಿಯಂದಿರು ಮರುಮಾತಿಲ್ಲದೆ ಹನ್ನೊಂದು ಗಂಟೆಗೆ ತಿದ್ದಿದರು. ಅವರ ಈ ಗುಣ ನನಗೆ ಇಷ್ಟ.

ಇನ್ನೊಂದು ಸಂಗತಿ. ಅಲ್ಲಿ ಬೀಸುವುದು ನಾನು ಪ್ರತಿ ವರ್ಷ ಕಪ್ಪುಹಲಗೆಯ ಮೇಲೆ ಓರೆ ಬಾಣಗಳಿಂದ ಬರೆಯುತ್ತಿದ್ದ ಈಶಾನ್ಯ ವಾಣಿಜ್ಯ ಮಾರುತ. ಚಳಿಗಾಲದಿಂದ ಮೇ ತಿಂಗಳವರೆಗೆ ಅದು ಪೂರ್ವ ದಿಕ್ಕಿನಿಂದ ಹೆಚ್ಚುಕಡಿಮೆ ಬಿಡದೆ ಬೀಸುತ್ತದೆ. ದ್ವೀಪಗಳ ಸಾಲು ಉತ್ತರದಿಂದ ದಕ್ಷಿಣಕ್ಕೆ, ಸ್ವಲ್ಪ ಪಶ್ಚಿಮಕ್ಕೆ ವಾಲಿಕೊಂಡು ಇದೆ. ಆದ್ದರಿಂದ ತೆಂಕಣಕ್ಕೆ ಹೋಗುವಾಗ ಗಾಳಿ ಪಕ್ಕೆಯಿಂದಲೂ ಬೆನ್ನಿನಿಂದಲೂ ಸಿಗುತ್ತದೆ. ಮರಳುವಾಗ ಅದೇ ಗಾಳಿ ಮುಖಕ್ಕೆ ಹೊಡೆಯುತ್ತದೆ. ಹೋಗುವ ದಿನಗಳ ಸುಖವನ್ನೇ ಬರುವ ದಿನಗಳಿಗೂ ಬರೆದಿಡುವುದು ಕೋಷ್ಟಕದಲ್ಲಿ ಮಾತ್ರ ಸಾಧ್ಯ. ಒಂದೇ ದಿಕ್ಕಿಗೆ ಹೋಗಿ ಗ್ರೆನೇಡಾದಲ್ಲಿ ದೋಣಿ ಒಪ್ಪಿಸಿ ಬರಬಹುದು. ಅದಕ್ಕೆ ಪ್ರತ್ಯೇಕ ಶುಲ್ಕವಿದೆಯಂತೆ. ಕೊಡಲಿ ಎನ್ನುತ್ತೇನೆ.

ಆದ್ದರಿಂದ ನನ್ನ ಸಲಹೆ: ಹದಿನಾಲ್ಕು ದಿನಗಳ ಬದಲು ಏಳೇ ದಿನ, ಜುಲೈ ಬದಲು ಏಪ್ರಿಲ್‌ನಲ್ಲಿ ಅಲ್ಲಿಯ ಶಾಲೆಗಳಿಗೆ ಸಿಗುವ ವಾರದ ರಜೆ, ಮತ್ತು ಅದೇ ದ್ವೀಪಗಳಲ್ಲಿ ಹುಟ್ಟಿ ಬೆಳೆದ ಒಬ್ಬ ಕಪ್ತಾನ. ಆತನಿಗೊಂದು ಕೋಣೆ ಕೊಡಬೇಕು, ಊಟ ಕೊಡಬೇಕು, ದಿನಗೂಲಿ ಕೊಡಬೇಕು. ಕೋಣೆ ಕಡಿಮೆಯಾಗುತ್ತದೆಂದರೆ ನಾನು ಮೊಮ್ಮಗನ ಜೊತೆ ಮೇಲಿನ ಅಂಗಳದಲ್ಲಿ ಮಲಗುತ್ತೇನೆ. ಬೆಕ್ವೇ ದ್ವೀಪದಲ್ಲಿ ತಲೆಮಾರುಗಳಿಂದ ಮರದ ದೋಣಿ ಕಟ್ಟುವವರಿದ್ದಾರೆ, ಇಂದಿಗೂ ತಿಮಿಂಗಿಲ ಬೇಟೆಯ ಪರವಾನಗಿ ಉಳಿಸಿಕೊಂಡವರಿದ್ದಾರೆ. (ಬೇಟೆಯ ಕುರಿತು ನನಗೆ ಒಪ್ಪಿಗೆಯಿಲ್ಲ, ಅದು ಬೇರೆ ಚರ್ಚೆ.) ಅಂಥ ಊರಿನವನು ಚುಕ್ಕಾಣಿಯ ಬಳಿ ನಿಂತು ಹೇಳುವ ಮಾತು ಯಾವ ಕೈಪಿಡಿಯಲ್ಲೂ ಇರಲಾರದು.

ಕೋಷ್ಟಕದಲ್ಲಿ ನನಗೆ ಬೇಸರ ತರಿಸಿದ್ದು ಮೊದಲ ದಿನದ ಸಾಲು: "ಕಿಂಗ್ಸ್‌ಟೌನ್: ದಾಟಿಹೋಗುವುದು." ಸೇಂಟ್ ವಿನ್ಸೆಂಟಿನ ರಾಜಧಾನಿ ಅದು! ಅಲ್ಲಿ 1765ರಲ್ಲಿ ಸ್ಥಾಪಿಸಿದ ಸಸ್ಯೋದ್ಯಾನವಿದೆ. 1793ರಲ್ಲಿ ಕಪ್ತಾನ್ ವಿಲಿಯಂ ಬ್ಲೈ ಪೆಸಿಫಿಕ್ಕಿನ ತಾಹಿತಿಯಿಂದ ಜೀಗುಜ್ಜೆಯ ಸಸಿಗಳನ್ನು ಇಲ್ಲಿಗೆ ತಂದಿಳಿಸಿದ. ಹೌದು, ನಾವು ಪೋಡಿ ಮಾಡಿ ತಿನ್ನುವ ಅದೇ ಜೀಗುಜ್ಜೆ. ಕಬ್ಬಿನ ತೋಟಗಳ ಗುಲಾಮರಿಗೆ ಅಗ್ಗದಲ್ಲಿ ಹೊಟ್ಟೆ ತುಂಬಿಸುವುದು ತೋಟದೊಡೆಯರ ಉದ್ದೇಶ. ಇಂದು ಬೆಂಕಿಯಲ್ಲಿ ಸುಟ್ಟ ಜೀಗುಜ್ಜೆ ಮತ್ತು ಹುರಿದ ಮೀನು ಆ ದೇಶದ ರಾಷ್ಟ್ರೀಯ ಭೋಜನ. ನಾನು ಸಸ್ಯಾಹಾರಿ, ಅರ್ಧ ರಾಷ್ಟ್ರೀಯ ಭೋಜನವನ್ನಾದರೂ ಉಣ್ಣಬಲ್ಲೆ. ಮಗಳು ನ್ಯೂಜೆರ್ಸಿಯ ಭಾರತೀಯ ಅಂಗಡಿಯಿಂದ ಏಳು ಜನರಿಗೆ ಎರಡು ವಾರದ ದಿನಸಿ ಕಟ್ಟಿಕೊಂಡು ಹೋಗುವ ಪಟ್ಟಿ ಮಾಡಿದ್ದಾಳೆ. ಉಪ್ಪಿನಕಾಯಿ ಒಂದನ್ನು ಬಿಟ್ಟು ಉಳಿದುದನ್ನು ಕಿಂಗ್ಸ್‌ಟೌನಿನ ಸಂತೆಯಲ್ಲೇ ಕೊಳ್ಳಬಾರದೇಕೆ?

ಅಲ್ಲಿಂದ ದಕ್ಷಿಣಕ್ಕೆ ಸಾಗುವಾಗ ಬೆಕ್ವೇಯ ಪೂರ್ವಕ್ಕೆ ಬ್ಯಾಲಿಸೋ ಎಂಬ ಒಣ ದ್ವೀಪವಿದೆ. ಯಾವ ಕೋಷ್ಟಕದಲ್ಲೂ ಅದಕ್ಕೆ ಸಾಲಿಲ್ಲ. 1795ರಲ್ಲಿ ಜೋಸೆಫ್ ಚಾಟೋಯರ್ ಎಂಬ ನಾಯಕ ಬ್ರಿಟಿಷರೊಡನೆ ಹೋರಾಡಿ ಮಡಿದ ಬಳಿಕ, ಆತನ ಜನರಾದ ಗರಿಫುನಾಗಳಲ್ಲಿ ಸುಮಾರು ಐದು ಸಾವಿರ ಮಂದಿಯನ್ನು ಹಿಡಿದು ಆ ನೀರಿಲ್ಲದ ದಿಬ್ಬದ ಮೇಲೆ ಕೂಡಿಹಾಕಿದರು. ಹೆಚ್ಚುಕಡಿಮೆ ಅರ್ಧದಷ್ಟು ಜನ ಅಲ್ಲಿಯೇ ಸತ್ತರು. ಉಳಿದವರನ್ನು 1797ರಲ್ಲಿ ಹಡಗಿಗೆ ತುಂಬಿ ಮಧ್ಯ ಅಮೆರಿಕದ ಕರಾವಳಿಯ ರೋವಾಟನ್ ದ್ವೀಪದಲ್ಲಿ ಇಳಿಸಿಬಿಟ್ಟರು. ಚಾಟೋಯರ್ ಇಂದು ಆ ದೇಶದ ರಾಷ್ಟ್ರೀಯ ವೀರ. ಗುಲಾಮಗಿರಿ ನಿಂತ ಮೇಲೆ 1861ರಲ್ಲಿ ಮದರಾಸಿನಿಂದ ಕೂಲಿಯಾಳುಗಳನ್ನು ಹೊತ್ತ ಒಂದು ಹಡಗು ಸೇಂಟ್ ವಿನ್ಸೆಂಟಿಗೆ ಬಂತು. ಹಡಗಿನ ಹೆಸರು ಟ್ರಾವಂಕೂರ್. ಮುಂದಿನ ಎರಡು ದಶಕಗಳಲ್ಲಿ ಹಾಗೆ ಬಂದವರು ಸುಮಾರು 2,500 ಮಂದಿ. ಗ್ರೆನೇಡಾಕ್ಕೆ ಅದಕ್ಕೂ ಮೊದಲು, 1857ರಲ್ಲಿಯೇ ಬಂದಿದ್ದರು. ಮೊಮ್ಮಗನಿಗೆ ಟೊಬಾಗೋ ಕೇಸ್ ಗೊತ್ತಿರುವುದು ಕಡಲ್ಗಳ್ಳರ ಒಂದು ಚಲನಚಿತ್ರದ ಚಿತ್ರೀಕರಣ ಅಲ್ಲಿ ನಡೆಯಿತೆಂಬ ಕಾರಣಕ್ಕೆ. ಅದೂ ಇರಲಿ, ಬೇಡವೆನ್ನುವುದಿಲ್ಲ. ಆದರೆ ಬ್ಯಾಲಿಸೋವನ್ನು ದೂರದಿಂದ ಕಾಣುವಾಗ ಅವನ ಪಕ್ಕದಲ್ಲಿ ನಾನಿರಬೇಕೆಂಬ ಆಸೆ ನನಗಿದೆ. ಹೋಗಲು ಒಪ್ಪಿದ್ದಕ್ಕೆ ಅದೇ ಮುಖ್ಯ ಕಾರಣ.

ನೀರಿನ ಕುರಿತು ಒಂದು ಮಾತು. ಗ್ರೆನಡೀನ್ಸ್ ದ್ವೀಪಗಳಲ್ಲಿ ನದಿಗಳಿಲ್ಲ. ಜನರು ಛಾವಣಿಯ ಮಳೆನೀರನ್ನು ತೊಟ್ಟಿಗಳಲ್ಲಿ ಹಿಡಿದಿಟ್ಟು ವರ್ಷ ಕಳೆಯುತ್ತಾರೆ. ಏಪ್ರಿಲ್ ಎಂದರೆ ಆ ತೊಟ್ಟಿಗಳು ತಳಕಾಣುವ ಕಾಲ. ಆದ್ದರಿಂದ ನನ್ನದೇ ಸಲಹೆಗೆ ನಾನೇ ಒಂದು ಷರತ್ತು ಹಾಕುತ್ತೇನೆ: ದಿನಕ್ಕೆ ಒಂದೇ ಸ್ನಾನ, ಅದೂ ಒಂದು ಬಕೆಟ್‌ನಷ್ಟು. ಲಂಗರನ್ನು ಸಮುದ್ರದ ಹುಲ್ಲಿನ ಮೇಲೆ ಎಸೆಯದೆ, ಕಟ್ಟುವ ತೇಲುಗುಂಡುಗಳಿರುವಲ್ಲಿ ಅವುಗಳಿಗೇ ದೋಣಿ ಕಟ್ಟಬೇಕು. ಆ ಹುಲ್ಲು ಅಲ್ಲಿಯ ಹಸಿರು ಆಮೆಗಳ ಮೇವು.

ದಾಖಲೆಗಳ ವಿಷಯದಲ್ಲಿ ಮಗಳು ನನಗಿಂತ ಚುರುಕು. ಸೇಂಟ್ ವಿನ್ಸೆಂಟ್ ಒಂದು ದೇಶ, ಗ್ರೆನೇಡಾ ಇನ್ನೊಂದು. ನಡುವಿನ ಗೆರೆ ನೀರಿನ ಮೇಲಿದೆ. ಒಂದರಿಂದ ಹೊರಟ ಮುದ್ರೆ ಹಾಕಿಸಿ, ಇನ್ನೊಂದರ ನೀರಿಗೆ ಬಂದಾಗ ಹಳದಿ ಬಾವುಟ ಏರಿಸಿ, ಕಚೇರಿಯಲ್ಲಿ ಅನುಮತಿ ಸಿಕ್ಕ ಮೇಲೆ ಅದನ್ನಿಳಿಸಿ ಆ ದೇಶದ ಧ್ವಜ ಹಾರಿಸಬೇಕು. ಧ್ವಜ ಏರಿಸುವ ಕೆಲಸ ಮೊಮ್ಮಗಳಿಗೆಂದು ಈಗಾಗಲೇ ನಿಗದಿಯಾಗಿದೆ.

ಇಷ್ಟೆಲ್ಲವನ್ನೂ ದೀರ್ಘ ಪತ್ರವಾಗಿ ಬರೆದು ಕಳುಹಿಸಿದೆ. ಭಾನುವಾರ ರಾತ್ರಿ ಮಗಳು ಕರೆ ಮಾಡಿದಳು. ಧ್ವನಿ ಸರಿಯಿರಲಿಲ್ಲ. "ಅಪ್ಪಯ್ಯ, ನನಗೆ ವರ್ಷಕ್ಕೆ ಮೂರು ವಾರ ರಜೆ. ಏಪ್ರಿಲ್‌ನಲ್ಲಿ ಬಾಡಿಗೆ ಇಮ್ಮಡಿ, ಕಪ್ತಾನನ ಕೂಲಿ ಬೇರೆ. ಏಳು ದಿನಕ್ಕಾಗಿ ನೀವು ಅಷ್ಟು ದೂರದಿಂದ ಬರುತ್ತೀರಾ? ಅಮ್ಮನಿಗೆ ತೋರಿಸುತ್ತೇನೆ ಎಂದುಕೊಂಡೇ ಇದ್ದೆ, ಆಗಲಿಲ್ಲ. ಸರಿಯಾದ ಗಾಳಿ ಬರಲಿ ಎಂದು ಕಾಯುತ್ತಾ ನಿಮಗೂ ಎಪ್ಪತ್ತು ಆಗಲಿ ಎನ್ನುತ್ತೀರಾ?" ಎಂದಳು. ಇದಕ್ಕೆ ನನ್ನ ಪತ್ರದಲ್ಲಿ ಉತ್ತರವಿರಲಿಲ್ಲ. ನನ್ನ ನಿವೃತ್ತಿಯ ಹಣದಲ್ಲಿ ಕಪ್ತಾನನ ಕೂಲಿಯನ್ನು ನಾನೇ ಕೊಡುತ್ತೇನೆಂದೆ. ಅದು ಅವಳಿಗೆ ಇನ್ನಷ್ಟು ನೋವಾಯಿತೆಂದು ತೋರುತ್ತದೆ. ಅಳಿಯಂದಿರು ಫೋನ್ ತೆಗೆದುಕೊಂಡು, "ಮಾವ, ಸೇಂಟ್ ವಿನ್ಸೆಂಟಿನ ಜ್ವಾಲಾಮುಖಿ 2021ರಲ್ಲಿ ಸಿಡಿದದ್ದು ಏಪ್ರಿಲ್ 9ಕ್ಕೆ, ಗೊತ್ತೇ?" ಎಂದು ನಕ್ಕರು. ಗೊತ್ತಿತ್ತು. ಪತ್ರದಲ್ಲಿ ಬರೆದಿರಲಿಲ್ಲ, ಅಷ್ಟೆ.

ನಿಮ್ಮಲ್ಲಿ ಯಾರಾದರೂ ಆ ಕಡೆ ಹಾಯಿದೋಣಿಯಲ್ಲಿ ಹೋದವರಿದ್ದರೆ, ಕಪ್ತಾನನನ್ನು ಹೇಗೆ ಗೊತ್ತುಮಾಡಿದಿರಿ, ಎಷ್ಟು ಕೊಟ್ಟಿರಿ ಎಂಬುದನ್ನು ದಯವಿಟ್ಟು ನನಗೆ ತಿಳಿಸಿ.

ನಿನ್ನೆ ಬೆಳಿಗ್ಗೆ ಕೋಷ್ಟಕವನ್ನು ತೆರೆದು ನೋಡಿದೆ. ಜುಲೈಯ ಹದಿನಾಲ್ಕು ಸಾಲುಗಳು ಹಾಗೆಯೇ ಇವೆ. ಅವುಗಳ ಪಕ್ಕದಲ್ಲಿ ಏಳು ಹೊಸ ಸಾಲುಗಳನ್ನು ಯಾರೋ ಸೇರಿಸಿದ್ದಾರೆ. ಮೊದಲನೆಯದರಲ್ಲಿ "ಕಿಂಗ್ಸ್‌ಟೌನ್, ಇಡೀ ದಿನ, ಅಜ್ಜಯ್ಯನ ಪಾಠ" ಎಂದಿದೆ. ಕಾಗುಣಿತದ ತಪ್ಪುಗಳನ್ನು ನೋಡಿದರೆ ಬರೆದವನು ಮೊಮ್ಮಗನೇ ಇರಬೇಕು. ಕಪ್ತಾನನ ಕಾಲಂ ಖಾಲಿಯಿದೆ.